ಗೌಡ ಎಂದರೆ ಯಾರು? ಬಂಗಾಳದಿಂದ ಬಂದವರೇ, ಇಲ್ಲಿಯವರೇ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ, ಈಗ ಇರುವುದು ಬೆಂಗಳೂರಿನಲ್ಲಿ. ಅಪ್ಪ, ಅಜ್ಜ, ದೊಡ್ಡಪ್ಪಂದಿರು ಎಲ್ಲರ ಹೆಸರೂ ‘ಗೌಡ’ ಎಂದೇ ಮುಗಿಯುತ್ತದೆ. ಮಗನ ಪಾಸ್‌ಪೋರ್ಟ್ ಮಾಡಿಸುವಾಗ ಉಪನಾಮದ ಜಾಗದಲ್ಲಿ ಅದನ್ನೇ ಬರೆಸಿದೆವು. ಅಂದಿನಿಂದ ಅವನು ‘ಗೌಡ ಅಂದ್ರೆ ಏನಮ್ಮಾ?’ ಎಂದು ಕೇಳುತ್ತಿದ್ದಾನೆ. ವಾಟ್ಸಾಪಿನಲ್ಲಿ ಬಂದ ವಿಡಿಯೋ ಒಂದರಲ್ಲಿ, ಗೌಡರು ಬಂಗಾಳದ ಗೌಡ ದೇಶದಿಂದ ವಲಸೆ ಬಂದವರು ಎಂದು ಹೇಳಿದ್ದರು. ನಮ್ಮ ಸೀಮೆಯಲ್ಲಿ ಒಕ್ಕಲಿಗರಷ್ಟೇ ಅಲ್ಲ, ಲಿಂಗಾಯತರಲ್ಲೂ ಕುರುಬರಲ್ಲೂ ಗೌಡರಿದ್ದಾರೆ. ಹಾಗಾದರೆ ಎಲ್ಲರೂ ಒಂದೇ ಮೂಲದವರೇ? ನಮ್ಮ ಮನೆತನದ ಹಿಂದಿನದನ್ನು ತಿಳಿಯುವುದು ಹೇಗೆ?

ಉತ್ತರ: ತಾಯಿ, ನಿಮ್ಮ ಮಗನಿಗೆ ಧೈರ್ಯವಾಗಿ ಹೇಳಿ, ಗೌಡ ಎಂದರೆ ಊರಿನ ಮುಖ್ಯಸ್ಥ. ಅದು ಒಂದು ಹುದ್ದೆಯ ಹೆಸರು. ಆ ಹುದ್ದೆ ಯಾರ ಕೈಯಲ್ಲಿತ್ತೋ ಅವರ ಹೆಸರಿಗೆ ಅದು ಅಂಟಿಕೊಂಡಿತು, ಆಮೇಲೆ ಅವರ ಮಕ್ಕಳು ಮೊಮ್ಮಕ್ಕಳಿಗೆ ಹರಿದು ಬಂತು. ಬಂಗಾಳಕ್ಕೂ ಈ ಪದಕ್ಕೂ ನಂಟಿಲ್ಲ. ನಿಮ್ಮ ಜಿಲ್ಲೆಯ ಮತ್ತು ಪಕ್ಕದ ಹಾಸನದ ಕಲ್ಲುಗಳಲ್ಲೇ ಇದಕ್ಕೆ ಬೇಕಾದಷ್ಟು ಸಾಕ್ಷಿಯಿದೆ.

ಮೊದಲು ಬಂಗಾಳದ ಮಾತನ್ನು ಮುಗಿಸೋಣ. ಗೌಡ ಎಂಬ ಹೆಸರಿನ ದೇಶ ಇದ್ದದ್ದು ನಿಜ. 7ನೆಯ ಶತಮಾನದಲ್ಲಿ ಶಶಾಂಕ ಎಂಬ ದೊರೆ ಕರ್ಣಸುವರ್ಣದಿಂದ ಅದನ್ನು ಆಳಿದ. ಉತ್ತರದ ಬ್ರಾಹ್ಮಣರನ್ನು ಪಂಚಗೌಡರೆಂದೂ ದಕ್ಷಿಣದವರನ್ನು ಪಂಚದ್ರಾವಿಡರೆಂದೂ ವಿಂಗಡಿಸುವ ಹಳೆಯ ಪದ್ಧತಿಯಲ್ಲಿ ಬರುವ ‘ಗೌಡ’ವೂ ಉತ್ತರದ ಆ ಸೀಮೆಯ ಹೆಸರೇ. ಕರಾವಳಿಯ ಗೌಡ ಸಾರಸ್ವತರ ಹೆಸರಿನಲ್ಲಿರುವುದೂ ಇದೇ. ಅಕ್ಷರ ಒಂದೇ, ಉಚ್ಚಾರ ಒಂದೇ, ಆದ್ದರಿಂದ ಮೂಡಿಗೆರೆಯ ಗೌಡರನ್ನೂ ಅದೇ ದೇಶಕ್ಕೆ ಕಟ್ಟಿಬಿಡುವುದು ಸುಲಭವಾಗಿ ಕಾಣುತ್ತದೆ. ಆದರೆ ಎರಡು ಪದಗಳು ಇವತ್ತು ಒಂದೇ ರೀತಿ ಕೇಳಿಸುತ್ತವೆ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ. ಸಾವಿರ ವರ್ಷದ ಹಿಂದೆ ಅವು ಹೇಗಿದ್ದವು ಎಂಬುದನ್ನು ನೋಡಬೇಕು.

ಸಂಸ್ಕೃತದ ದೇಶವಾಚಿ ‘ಗೌಡ’ ಮೊದಲಿನಿಂದಲೂ ಗೌಡವೇ. ನಮ್ಮ ‘ಗೌಡ’ ಹಾಗಲ್ಲ. ಬಾದಾಮಿ ಚಾಲುಕ್ಯರ ಕಾಲದ, ಅಂದರೆ 7-8ನೆಯ ಶತಮಾನಗಳ ಕನ್ನಡ ಶಾಸನಗಳಲ್ಲಿ ಅದು ‘ಗಾಮುಂಡ’. ಮುಂದೆ ‘ಗಾವುಂಡ’. ಹೊಯ್ಸಳರ ಕಾಲದಲ್ಲಿ ಗಾವುಂಡ, ಗವುಂಡ ಎರಡೂ ಸಿಗುತ್ತವೆ. ವಿಜಯನಗರದ ಕಾಲಕ್ಕೆ ಬರುವಾಗ ‘ಗವುಡ’, ‘ಗೌಡ’ ಆಗಿಬಿಟ್ಟಿದೆ. ಪದ ಬಂಗಾಳದಿಂದ ಬಂದಿದ್ದರೆ ಅತ್ಯಂತ ಹಳೆಯ ಶಾಸನದಲ್ಲೇ ‘ಗೌಡ’ ಎಂದಿರಬೇಕಿತ್ತು. ಇಲ್ಲಿ ಆ ರೂಪ ಬಂದದ್ದು ಕಟ್ಟಕಡೆಗೆ. ಈ ಒಂದು ಅಂಶವೇ ವಲಸೆಯ ವಾದವನ್ನು ಬೀಳಿಸಲು ಸಾಕು.

ಈ ಬದಲಾವಣೆಗಳು ಕನ್ನಡದಲ್ಲಿ ಹೊಸತೇನಲ್ಲ. ಎರಡು ಸ್ವರಗಳ ನಡುವಿನ ಮಕಾರ ವಕಾರವಾಗುವುದನ್ನು ‘ಕುಮಾರ’ ‘ಕುವರ’ ಆದದ್ದರಲ್ಲಿ ನೋಡಬಹುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಶಾಸನಗಳಲ್ಲಿ ಬಳ್ಳಿಗಾಮೆಯೂ ಹೌದು, ಬಳ್ಳಿಗಾವೆಯೂ ಹೌದು. ಇನ್ನು ‘ಅವು’ ಎಂಬುದು ‘ಔ’ ಆಗುವುದಂತೂ ನಾವು ದಿನಾ ಆಡುವ ಮಾತಿನಲ್ಲೇ ಇದೆ: ಹವುದು, ಹೌದು. ಗವುಡ, ಗೌಡ. ನಡುವಿನ ಅನುನಾಸಿಕ ಮಾತ್ರ ಕನ್ನಡದಲ್ಲಿ ಉದುರಿಹೋಯಿತು. ಕೊಯಮತ್ತೂರು, ಈರೋಡು ಕಡೆಯ ಕೊಂಗು ನಾಡಿನಲ್ಲಿ ಅದು ಉಳಿದುಕೊಂಡು ‘ಕವುಂಡರ್’ ಎಂದು ಇಂದಿಗೂ ಬಳಕೆಯಲ್ಲಿದೆ.

ಗಾಮುಂಡ ಎಲ್ಲಿಂದ ಬಂತು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ಒಂದು, ‘ಗ್ರಾಮವೃದ್ಧ’, ಅಂದರೆ ಊರಿನ ಹಿರಿಯ. ಇನ್ನೊಂದು, ‘ಗ್ರಾಮಕೂಟ’, ಅಂದರೆ ಊರಿನ ಮುಖ್ಯಸ್ಥ. ನಾನು ಎರಡನೆಯದರ ಪಕ್ಷ. ಪ್ರಾಕೃತದಲ್ಲಿ ಊರ ಮುಖಂಡನಿಗೆ ‘ಗಾಮಉಡ’ ಎಂಬ ಪದವಿದೆ, ಅದು ಗ್ರಾಮಕೂಟಕ್ಕೂ ಗಾಮುಂಡಕ್ಕೂ ನಡುವಿನ ಮೆಟ್ಟಿಲಿನ ಹಾಗೆ ನಿಂತಿದೆ. ಜೊತೆಗೆ ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ದೊರೆ ತನ್ನ ದಾನದ ಸಂಗತಿಯನ್ನು ಅಧಿಕಾರಿಗಳಿಗೆ ತಿಳಿಸುವಾಗ ರಾಷ್ಟ್ರಪತಿ (ಪ್ರಾಂತ್ಯದ ಅಧಿಕಾರಿ), ವಿಷಯಪತಿ (ಜಿಲ್ಲೆಯ ಅಧಿಕಾರಿ), ಗ್ರಾಮಕೂಟ ಎಂದು ಮೇಲಿನಿಂದ ಕೆಳಕ್ಕೆ ಹೆಸರಿಸುತ್ತಾ ಬರುತ್ತಾನೆ. ಸಂಸ್ಕೃತ ಶಾಸನ ಗ್ರಾಮಕೂಟನನ್ನು ಕೂರಿಸುವ ಜಾಗದಲ್ಲೇ ಕನ್ನಡ ಶಾಸನ ಗಾವುಂಡನನ್ನು ಕೂರಿಸುತ್ತದೆ. ಯಾವ ಅಭಿಪ್ರಾಯ ಹಿಡಿದರೂ ಮೊದಲ ಭಾಗ ‘ಗ್ರಾಮ’ವೇ. ಗೋವು ಕಾಯುವವನು ಗೌಡ ಎಂಬ ವಿವರಣೆಯನ್ನೂ ನೀವು ಕೇಳಿರಬಹುದು. ಹಳೆಯ ‘ಗಾಮುಂಡ’ ರೂಪದ ಎದುರು ಅದೂ ನಿಲ್ಲುವುದಿಲ್ಲ.

ಈಗ ನನಗೆ ಬಹಳ ಪ್ರಿಯವಾದ ಭಾಗ, ಈ ಗಾವುಂಡರು ಏನು ಮಾಡುತ್ತಿದ್ದರು ಎಂಬುದು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಆಗ ಕಡೂರು ಜಿಲ್ಲೆ ಎನ್ನುತ್ತಿದ್ದ ಚಿಕ್ಕಮಗಳೂರಿನ ಸಂಪುಟ 1901ರಲ್ಲಿ, ಹಾಸನದ್ದು 1902ರಲ್ಲಿ ಅಚ್ಚಾಯಿತು. ಈ ಎರಡು ಸಂಪುಟಗಳನ್ನು ಎಲ್ಲೇ ತೆರೆದರೂ ನಾಲ್ಕಾರು ಪುಟದೊಳಗೆ ಒಬ್ಬ ಗಾವುಂಡ ಎದುರಾಗುತ್ತಾನೆ. ದೇವಾಲಯಕ್ಕೆ ಗದ್ದೆ ಬಿಡುವಾಗ ಎಲ್ಲೆ ಗುರುತಿಸಿ ಸಾಕ್ಷಿ ನಿಲ್ಲುವವನು ಅವನು. ಕೆರೆ ಕಟ್ಟಿಸುವವನು, ಒಡೆದ ಏರಿ ಸರಿಮಾಡಿಸುವವನು, ಊರಿನ ತೆರಿಗೆ ಎತ್ತಿ ಮೇಲಕ್ಕೆ ಕಟ್ಟುವವನು, ಅದರಲ್ಲಿ ಒಂದು ಪಾಲನ್ನು ದೇವರ ನಂದಾದೀಪಕ್ಕೆ ಬಿಡಿಸುವವನು. ಅವರಲ್ಲೂ ಹಂತಗಳಿದ್ದವು. ಒಂದು ಊರಿಗೆ ಊರ್ಗಾವುಂಡ, ಹಲವು ಊರು ಸೇರಿದ ನಾಡಿಗೆ ನಾಳ್ಗಾವುಂಡ, ಅವರಲ್ಲಿ ಪ್ರಬಲನಾದವನು ಪ್ರಭುಗಾವುಂಡ. ‘ಪ್ರಜೆಗಾವುಂಡ’ ಎಂಬ ಮಾತೂ ಬರುತ್ತದೆ, ಇವರು ಊರಿನ ಒಕ್ಕಲು ಸಮುದಾಯದ ಪರವಾಗಿ ಮಾತಾಡುವ ಮುಖಂಡರು. ಬೆಂಗಳೂರು ಕಟ್ಟಿದ ಕೆಂಪೇಗೌಡರನ್ನು ‘ನಾಡಪ್ರಭು’ ಎನ್ನುತ್ತೇವಲ್ಲ, ಆ ಬಿರುದಿಗೆ ಹಿನ್ನೆಲೆ ಈ ನಾಳ್ಗಾವುಂಡ, ಪ್ರಭುಗಾವುಂಡರ ವ್ಯವಸ್ಥೆಯಲ್ಲಿದೆ.

ಹುದ್ದೆ ಎಂದರೆ ಕಂದಾಯದ ಲೆಕ್ಕವಷ್ಟೇ ಆಗಿರಲಿಲ್ಲ. ನಿಮ್ಮ ಊರಿನ ಕೆರೆ ಏರಿಯ ಮೇಲೋ, ಈಶ್ವರನ ಗುಡಿಯ ಹಿಂದೆಯೋ ವೀರಗಲ್ಲು ಇದ್ದರೆ ಒಮ್ಮೆ ನಿಂತು ನೋಡಿ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ: ಒಬ್ಬ ಬಿಲ್ಲು ಹಿಡಿದು ಅಥವಾ ಕತ್ತಿ ಗುರಾಣಿ ಹಿಡಿದು ನಿಂತಿದ್ದಾನೆ, ಹಿಂದೆ ಸಾಲಾಗಿ ದನಗಳ ಮುಖ. ನಡುವೆ ಅದೇ ವೀರನನ್ನು ಅಪ್ಸರೆಯರು ಎರಡೂ ಕಡೆ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಲಿಂಗದ ಮುಂದೆ, ಜೈನರದ್ದಾದರೆ ಜಿನನ ಮುಂದೆ, ಅವನು ಕೈಮುಗಿದು ಕೂತಿದ್ದಾನೆ. ಪಟ್ಟಿಕೆಗಳ ನಡುವಿನ ಬೆರಳಗಲದ ಅಂಚಿನಲ್ಲಿ ಅಕ್ಷರಗಳಿರುತ್ತವೆ. ಅನೇಕ ಕಲ್ಲುಗಳಲ್ಲಿ ಅಲ್ಲಿ ಬರುವ ಒಕ್ಕಣೆ ಹೆಚ್ಚುಕಡಿಮೆ ಒಂದೇ: ಇಂಥವರು ಬಂದು ಊರ ತುರು, ಅಂದರೆ ದನ, ಹಿಡಿದರು, ಇಂಥ ಗಾವುಂಡ ಅಥವಾ ಗಾವುಂಡನ ಮಗ ತುರುವನ್ನು ಮರಳಿಸಿ ಸತ್ತ, ಅವನ ತಮ್ಮನೋ ಹೆಂಡತಿಯೋ ಈ ಕಲ್ಲು ನಿಲ್ಲಿಸಿದರು. ಹಾಗೆ ಸತ್ತವರ ಮನೆಗೆ ಊರವರು ಬಿಟ್ಟುಕೊಡುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ಗೌಡಿಕೆ ಎಂಬುದು ದನ ಕದ್ದವರ ಹಿಂದೆ ಮೊದಲು ಓಡಬೇಕಾದ ಹೊಣೆಯೂ ಆಗಿತ್ತು. ಇದನ್ನು ನಿಮ್ಮ ಮಗನಿಗೆ ಕಲ್ಲಿನ ಮುಂದೆಯೇ ನಿಲ್ಲಿಸಿ ಹೇಳಿದರೆ ಅವನು ಮರೆಯುವುದಿಲ್ಲ.

ಮಗಳಿದ್ದರೆ ಅವಳಿಗೂ ಹೇಳಬೇಕಾದ ಕಥೆ ಒಂದಿದೆ. 10ನೆಯ ಶತಮಾನದ ಆರಂಭ, ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲ. ಈಗಿನ ಶಿಕಾರಿಪುರ ಸೀಮೆಯ ನಾಗರಖಂಡ ಎಪ್ಪತ್ತರ (ಎಪ್ಪತ್ತು ಊರುಗಳ ನಾಡಿನ) ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡ. ಆ ಹುದ್ದೆ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಅವಳು ನಾಡನ್ನು ಸಮರ್ಥವಾಗಿ ನಡೆಸಿದಳೆಂದು ಬಂದಳಿಕೆಯ ಶಾಸನ ಹೊಗಳುತ್ತದೆ. ಕೊನೆಗೆ ಕಾಯಿಲೆ ಬಿದ್ದಾಗ ಮಗಳಿಗೆ ಅಧಿಕಾರ ವಹಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಇನ್ನೂ ಅನೇಕ ಶಾಸನಗಳಲ್ಲಿ ‘ಗಾವುಂಡಿ’ ಎಂಬ ಸ್ತ್ರೀರೂಪ ಬರುತ್ತದೆ. ನಮ್ಮ ಮಲೆನಾಡಿನಲ್ಲಿ ‘ಗೌಡ್ತಿ’, ‘ಗೌಡ್ತಮ್ಮ’ ಎನ್ನುವುದು ಗೌಡರ ಹೆಂಡತಿಗೆ ಎಂದೇ ಈಗಿನ ಎಣಿಕೆ. ಜಕ್ಕಿಯಬ್ಬೆಯ ಹಾಗೆ ತಾವೇ ನಾಡು ನಡೆಸಿದ ಹೆಂಗಸರೂ ಇದ್ದರು.

ಎಲ್ಲ ಗೌಡರೂ ಒಂದೇ ಮೂಲದವರೇ ಎಂದು ಕೇಳಿದ್ದೀರಿ. ಅಲ್ಲ. ಹುದ್ದೆಗೆ ಜಾತಿ ಇರಲಿಲ್ಲ. ಯಾವ ಊರಿನಲ್ಲಿ ಯಾರು ಮೊದಲು ಕಾಡು ಕಡಿದು ಗದ್ದೆ ಮಾಡಿದರೋ, ಯಾರ ಕೈ ಮೇಲಿತ್ತೋ ಅವರು ಗಾವುಂಡರಾದರು. ಹಾಗಾಗಿ ಒಕ್ಕಲಿಗರಲ್ಲಿ, ಲಿಂಗಾಯತರಲ್ಲಿ, ಕುರುಬರಲ್ಲಿ, ಜೈನರಲ್ಲಿ ಗೌಡರಿದ್ದಾರೆ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಹೆಸರುಗಳೂ ಗೌಡ ಎಂದೇ ಮುಗಿಯುತ್ತವೆ. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರೂ ಆ ಸಮುದಾಯದವರು. ಸುಳ್ಯ, ಮಡಿಕೇರಿ ಕಡೆಯ ಅರೆಭಾಷೆ ಗೌಡರು ತಮ್ಮ ಹಿರಿಯರು ಸಕಲೇಶಪುರದ ಐಗೂರು ಸೀಮೆಯಿಂದ ಘಟ್ಟ ಇಳಿದರೆಂದು ಹೇಳಿಕೊಳ್ಳುತ್ತಾರೆ. ತೆಲಂಗಾಣದ ಗೌಡರದ್ದು ಬೇರೆ ಸಮುದಾಯ, ಬೇರೆ ಕಸುಬು. ಹೆಸರು ಹೊಂದಿತೆಂದು ನಂಟಸ್ತಿಕೆ ಹೊಂದುವುದಿಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಇತ್ತೀಚೆಗೆ ಶಾಸನದಲ್ಲಿ ಗಾವುಂಡ ಎಂದು ಕಂಡ ಕೂಡಲೇ ‘ಇವನು ನಮ್ಮವನು’ ಎಂದು ಒಂದೊಂದು ಸಮುದಾಯದವರು ಹೇಳಿಕೊಳ್ಳುವುದು ಹೆಚ್ಚಾಗಿದೆ. ಬಹುಪಾಲು ಶಾಸನಗಳು ಗಾವುಂಡನ ಜಾತಿಯನ್ನು ಹೇಳುವುದೇ ಇಲ್ಲ. ಅವನ ಅಪ್ಪ ಯಾರು, ಊರು ಯಾವುದು, ದೇವರು ಯಾರು, ಗುರು ಯಾರು ಎಂಬುದನ್ನು ಹೇಳುತ್ತವೆ. ಕಲ್ಲು ಹೇಳದ್ದನ್ನು ನಾವು ಅದರ ಬಾಯಿಗೆ ತುರುಕಿದರೆ ಅದು ಸತ್ತ ಆ ವೀರನಿಗೂ ಮಾಡುವ ಅನ್ಯಾಯ.

ಹುದ್ದೆ ಊರಿಗೊಂದೇ ಆದರೂ ಹೆಸರು ಇಷ್ಟೊಂದು ಹರಡಿದ್ದಕ್ಕೆ ಕಾರಣ ಸರಳ. ಗೌಡಿಕೆ ನಡೆಸುತ್ತಿದ್ದವನು ಹಿರಿಯ ಮಗ. ತಮ್ಮಂದಿರಿಗೆ ಹುದ್ದೆ ಸಿಗದಿದ್ದರೂ ಗೌಡರ ಮನೆಯವರೆಂಬ ಗೌರವ ಇತ್ತು, ಅವರ ಮಕ್ಕಳ ಹೆಸರಿಗೂ ಗೌಡ ಸೇರಿತು. ಹೊಸ ಊರು ಕಟ್ಟಿಕೊಂಡು ಹೋದವರು ಅಲ್ಲಿಗೂ ಕೊಂಡೊಯ್ದರು. ಕೊನೆಕೊನೆಗೆ ಒಕ್ಕಲುತನ ಮಾಡುವ ಮರ್ಯಾದಸ್ಥ ಗೃಹಸ್ಥನನ್ನು ‘ಗೌಡ್ರೇ’ ಎಂದು ಕರೆಯುವುದೇ ವಾಡಿಕೆಯಾಯಿತು.

ಪದವಿಯ ಹೆಸರು ಮನೆಯ ಹೆಸರಾದದ್ದು ಇದೊಂದೇ ಅಲ್ಲ. ಕೊಪ್ಪ, ಶೃಂಗೇರಿ ಕಡೆ ನಿಮಗೆ ಸಿಗುವ ‘ಹೆಗ್ಡೆ’ ಶಾಸನಗಳ ‘ಪೆರ್ಗಡೆ’. ಅವನು ಹೆಚ್ಚಾಗಿ ಅರಮನೆಯ ಕಡೆಯ ಅಧಿಕಾರಿ, ಸುಂಕದ ಹೆಗ್ಗಡೆ ಎಂಬಂಥವನು. ಪಕಾರ ಹಕಾರವಾಗುವುದಕ್ಕೆ ದೂರ ಹೋಗಬೇಕಿಲ್ಲ, ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹೆಸರೇ ಅಲ್ಲಿಯ ಶಾಸನದಲ್ಲಿ ಪಕಾರದಿಂದ ಶುರುವಾಗುತ್ತದೆ. ‘ಶಾನುಭೋಗ’ ಲೆಕ್ಕ ಬರೆಯುತ್ತಿದ್ದ ‘ಸೇನಬೋವ’.

ಹಾಸನ, ಚಿಕ್ಕಮಗಳೂರುಗಳಲ್ಲಿ ಗೌಡ ಎಂಬುದು ಮೊನ್ನೆಮೊನ್ನೆಯವರೆಗೂ ಪ್ರತ್ಯೇಕ ಉಪನಾಮವಾಗಿರಲಿಲ್ಲ, ಕರೆಯುವ ಹೆಸರಿನೊಳಗೇ ಬೆರೆತಿತ್ತು. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹೆಸರನ್ನೇ ಬಿಡಿಸಿ ನೋಡಿ: ಹರದನಹಳ್ಳಿ ಊರು, ದೊಡ್ಡೇಗೌಡ ತಂದೆ, ದೇವೇಗೌಡ ಅವರು. ತಂದೆಯ ಹೆಸರಿನಲ್ಲೂ ಮಗನ ಹೆಸರಿನಲ್ಲೂ ಗೌಡ ಇದೆ, ಎರಡೂ ಕಡೆ ಹೆಸರಿನ ಅಂಗವಾಗಿಯೇ ಇದೆ. ಹೊಯ್ಸಳರ ಕಾಲದ ಶಾಸನಗಳಲ್ಲೂ ಪದ್ಧತಿ ಹೀಗೆಯೇ. ಮಾಚಗಾವುಂಡ, ಬಮ್ಮಗಾವುಂಡ ಎಂಬಂಥ ಹೆಸರುಗಳೇ ಇಂದಿನ ಮಾಚೇಗೌಡ, ಬೊಮ್ಮೇಗೌಡ. ಇನ್ನೊಂದು ಕಡೆ ಕುವೆಂಪು ಅವರನ್ನು ನೋಡಿ. ಹುಟ್ಟಿದ್ದು ನಿಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ತಂದೆ ವೆಂಕಟಪ್ಪಗೌಡರು. ಮಗ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಗೌಡ ಸೇರಿಸಿಕೊಳ್ಳುವುದು, ಬಿಡುವುದು ಎರಡೂ ಒಂದೇ ಮನೆಯೊಳಗೆ ಸಲೀಸಾಗಿ ನಡೆಯುತ್ತಿತ್ತು.

ಹುದ್ದೆ ಮುಗಿದದ್ದು ತೀರಾ ಈಚೆಗೆ. ಊರಿನ ಕೆಲಸ ಮಾಡಿ ಬೆಳೆಯಲ್ಲಿ ಪಾಲು ಪಡೆಯುತ್ತಿದ್ದ ಹನ್ನೆರಡು ಆಯಗಾರರ ವ್ಯವಸ್ಥೆಯಲ್ಲಿ ಗೌಡ ಮೊದಲಿಗ, ಶಾನುಭೋಗ ಆಮೇಲೆ, ತಳವಾರ, ತೋಟಿ, ನೀರಗಂಟಿ ಮೊದಲಾದವರು ಅವರ ಹಿಂದೆ. ಮೈಸೂರು ಸರ್ಕಾರದ ಕಾಗದಪತ್ರಗಳಲ್ಲಿ ಗೌಡ ‘ಪಟೇಲ’ ಆದ, ಹುದ್ದೆ ಮಾತ್ರ ವಂಶಪಾರಂಪರ್ಯವಾಗಿಯೇ ನಡೆಯಿತು. ಅದನ್ನು ತೆಗೆದದ್ದು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ. ಅಲ್ಲಿಂದ ಮುಂದೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ನಿಮ್ಮ ಅಜ್ಜನವರ ತಲೆಮಾರಿನವರು ಆ ಪಟೇಲಿಕೆಯನ್ನು ಕಣ್ಣಾರೆ ಕಂಡವರು. ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಕಂದಾಯದ ರಸೀದಿ, ಖಾತೆ ಪುಸ್ತಕ, ಮೊಹರು ಹಾಕಿದ ಕಾಗದ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನಿಮ್ಮ ಪೂರ್ವಜರು ನಿಜವಾಗಿ ಹುದ್ದೆ ನಡೆಸಿದವರೇ, ಹೆಸರು ಮಾತ್ರ ಪಡೆದವರೇ ಎಂಬುದು ಅದರಿಂದಲೇ ತಿಳಿಯಬೇಕು.

ಪಾಸ್‌ಪೋರ್ಟಿನಲ್ಲಿ ಗೌಡ ಎಂದು ಬರೆಸಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ದೇಶದ ಪಾಸ್‌ಪೋರ್ಟಿನಲ್ಲಿ ಆ ಕಾಲಂ ಖಾಲಿ ಬಿಡಲೂ ಅವಕಾಶವಿದೆ, ಆದರೆ ಒಂಟಿ ಹೆಸರಿನವರಿಗೆ ಕೆಲವು ದೇಶಗಳ ವೀಸಾ ಸಿಗುವಾಗ ತೊಡಕಾಗುತ್ತದೆ. ಶಾಲೆಯ ದಾಖಲೆ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಇಂಗ್ಲಿಷ್ ಕಾಗುಣಿತ ಒಂದೇ ಇರುವಂತೆ ನೋಡಿಕೊಳ್ಳಿ. ಈ ಹೆಸರನ್ನು ಎರಡು ಮೂರು ರೀತಿಯಲ್ಲಿ ಬರೆಯುವ ರೂಢಿ ಇರುವುದರಿಂದ ಗೊಂದಲವಾಗುವುದು ಅಲ್ಲೇ.

ಇನ್ನು ಮನೆತನದ ಹುಡುಕಾಟ. ‘ಗೌಡ’ ಎಂಬುದನ್ನು ಹಿಡಿದು ಹೊರಟರೆ ಎಲ್ಲಿಗೂ ತಲುಪುವುದಿಲ್ಲ, ಲಕ್ಷಾಂತರ ಜನರಿಗೆ ಇರುವ ಹೆಸರು ಅದು. ನಿಮ್ಮ ಬೆಡಗು (ಕುಲದೊಳಗಿನ ವಂಶದ ಗುಂಪು) ಯಾವುದು, ಮಲೆನಾಡಿನ ಕೆಲವು ಮನೆತನಗಳಲ್ಲಿ ಹೇಳುವ ಹಾಗೆ ಬಳಿ ಯಾವುದು ಎಂದು ಮನೆಯ ಹಿರಿಯ ಹೆಂಗಸರನ್ನು ಕೇಳಿ. ಗಂಡು ಹೆಣ್ಣು ನೋಡುವಾಗ ಒಂದೇ ಬೆಡಗಿನಲ್ಲಿ ಸಂಬಂಧ ಮಾಡದ ಕಟ್ಟಳೆ ಇರುವುದರಿಂದ ಅವರಿಗೆ ಅದು ಬಾಯಿಪಾಠ. ಮನೆದೇವರು ಎಲ್ಲಿದೆ ಎಂದು ಕೇಳಿ. ಹರಕೆ ತೀರಿಸಲು ವರ್ಷಕ್ಕೊಮ್ಮೆ ದೂರದ ಊರಿನ ದೇವರಿಗೆ ಹೋಗುವ ಪದ್ಧತಿ ಇದ್ದರೆ, ನಿಮ್ಮವರು ಎದ್ದುಬಂದ ಮೂಲ ಸ್ಥಳ ಅದೇ ಆಗಿರುವ ಸಂಭವ ಹೆಚ್ಚು.

ಹೆಳವರನ್ನು ಮಾತ್ರ ಮರೆಯಬೇಡಿ. ಎತ್ತಿನೊಡನೆ, ಗಂಟೆ ಬಾರಿಸುತ್ತಾ ಸುಗ್ಗಿಯ ಆಸುಪಾಸಿನಲ್ಲಿ ಬಂದು ವಂಶಾವಳಿ ಓದಿ ಕಾಳು ಕಾಸು ಪಡೆದು ಹೋಗುವ ಇವರ ಬಳಿ ಹಳೆಯ ತಾಮ್ರಪಟಗಳಿವೆ, ತಲೆಮಾರಿನಿಂದ ತಲೆಮಾರಿಗೆ ನಕಲು ಮಾಡಿಕೊಂಡು ಬಂದ ಪುಸ್ತಕಗಳಿವೆ. ಒಂದೊಂದು ಹೆಳವರ ಮನೆತನಕ್ಕೆ ಇಂತಿಷ್ಟು ಊರು, ಇಂತಿಷ್ಟು ಒಕ್ಕಲು ಎಂದು ಹಂಚಿಕೆಯಿದೆ. ನಿಮ್ಮ ಮನೆಯ ಹೆಳವರು ಯಾರು ಎಂದು ಊರಿನಲ್ಲಿ ವಿಚಾರಿಸಿ, ಅವರು ಬರುವ ಕಾಲಕ್ಕೆ ನೀವೂ ಊರಿಗೆ ಹೋಗಿ, ಓದುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಹಳೆಯ ತಲೆಮಾರುಗಳ ಹೆಸರು ಒಂದೆರಡು ಏರುಪೇರಾಗಿರಬಹುದು, ಆದರೆ ಯಾವ ಊರಿನಿಂದ ಯಾವ ಊರಿಗೆ ಬಂದರು ಎಂಬ ದಾರಿಯನ್ನು ಅವರಷ್ಟು ಜತನದಿಂದ ಇಟ್ಟುಕೊಂಡವರು ಬೇರೆ ಯಾರೂ ಇಲ್ಲ.

ಆ ಮೂಲ ಊರಿನ ಹೆಸರು ಸಿಕ್ಕ ಮೇಲೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ತೆಗೆಯಿರಿ. ಶಾಸನಗಳನ್ನು ತಾಲ್ಲೂಕುವಾರು, ಊರುವಾರು ಜೋಡಿಸಿದ್ದಾರೆ. ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಪಾಠ ಕನ್ನಡ ಲಿಪಿಯಲ್ಲೇ ಇದೆ, ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಸಂಪುಟದಲ್ಲಿ ಇಲ್ಲದ ಕಲ್ಲು ಊರಿನಲ್ಲಿ ಕಂಡರೆ ಅದಕ್ಕೆ ಎಣ್ಣೆ, ಕುಂಕುಮ, ಬಣ್ಣ ಬಳಿಯದಂತೆ ಊರವರಿಗೆ ತಿಳಿಹೇಳಿ. ಸುಣ್ಣ, ಬಣ್ಣ ತುಂಬಿ ಮುಚ್ಚಿಹೋದ ಅಕ್ಷರವನ್ನು ಬಿಡಿಸುವುದು ಬಹಳ ಕಷ್ಟ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಕಲ್ಲನ್ನು ಬರೀ ನೀರಿನಿಂದ ಒರೆಸಿ, ಪಕ್ಕದಿಂದ ಫೋಟೋ ತೆಗೆಯಿರಿ. ಫೋಟೋವನ್ನು ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ರಾಜ್ಯ ಪುರಾತತ್ವ ಇಲಾಖೆಗೋ ಕಳಿಸಿದರೆ, ಓದುವಂತಿದ್ದರೆ ಅವರು ಬಂದು ಕಾಗದದ ಮೇಲೆ ಅಕ್ಷರಗಳ ಪಡಿಯಚ್ಚು ತೆಗೆದುಕೊಳ್ಳುತ್ತಾರೆ.